ಕಡಲು ಕಾಪಾಡುವ ರಾಜಕೀಯ: ಪದೇ ಪದೇ ಕೇಳುವ ಪ್ರಶ್ನೆಗಳು

ಹವಳ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮೀನು ಅಂತ ಮಾತು ಶುರುವಾದರೆ ಮೊದಲು ಬರುವುದು ವಿಜ್ಞಾನದ ಪ್ರಶ್ನೆಗಳು. ಸ್ವಲ್ಪ ಹೊತ್ತಿಗೆ ಮಾತು ಬೇರೆ ಕಡೆ ಹೊರಳುತ್ತದೆ. ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು? ನಷ್ಟ ಯಾರ ಪಾಲಿಗೆ? ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಕೆಲವು ಉತ್ತರ ಉದ್ದವಾಗಿವೆ, ಅಲ್ಲಿ ಹೇಳುವುದು ಜಾಸ್ತಿ ಇದೆ.

ಕಡಲು ಕಾಪಾಡುವುದು ವಿಜ್ಞಾನಿಗಳ ಕೆಲಸ ಅಲ್ವಾ? ಇದರಲ್ಲಿ ರಾಜಕೀಯ ಯಾಕೆ ಬರುತ್ತದೆ?

ಈ ಕೊಲ್ಲಿಯಲ್ಲಿ ಮೀನು ಎಷ್ಟಿದೆ, ವರ್ಷಕ್ಕೆ ಎಷ್ಟು ಹಿಡಿದರೆ ಸಂತತಿ ಉಳಿಯುತ್ತದೆ ಅಂತ ವಿಜ್ಞಾನಿ ಅಂದಾಜು ಹೇಳಬಲ್ಲರು. ಅಷ್ಟು ಮೀನನ್ನು ಯಾರು ಹಿಡಿಯಬೇಕು ಅಂತ ಯಾವ ಲೆಕ್ಕವೂ ಹೇಳುವುದಿಲ್ಲ. ದೊಡ್ಡ ಬಲೆ ಎಳೆದುಕೊಂಡು ಹೋಗುವ ಹತ್ತು ಟ್ರಾಲರ್ ಹಡಗುಗಳಿಗೆ ಕೊಡಬೇಕೋ, ಸಾವಿರ ಸಣ್ಣ ದೋಣಿಗಳಿಗೆ ಹಂಚಬೇಕೋ? ಅಳಿವೆಯಲ್ಲಿ ಬಂದರು ಕಟ್ಟಬೇಕೋ, ಮೀನು ಮರಿ ಮಾಡುವ ಜಾಗ ಅಂತ ಬಿಡಬೇಕೋ? ಈ ವರ್ಷದ ದುಡಿಮೆ ಬಿಟ್ಟು ಹತ್ತು ವರ್ಷ ಆಚೆಯ ಮೀನಿಗಾಗಿ ಕಾಯಿರಿ ಅಂತ ಯಾರಿಗೆ ಹೇಳಬೇಕು? ಇವೆಲ್ಲ ಪಾಲಿನ ಪ್ರಶ್ನೆಗಳು. ಪಾಲು ಬಂದ ಕಡೆ ರಾಜಕೀಯ ಬಂದೇ ಬರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ತೊಂದರೆ ಆಗುವುದು ಪಾಲಿನ ಮಾತನ್ನು ಬಾಗಿಲು ಹಾಕಿಕೊಂಡು ಆಡಿ, ಹೊರಗೆ ಬಂದು "ವಿಜ್ಞಾನ ಹೀಗೆ ಹೇಳುತ್ತದೆ" ಅಂದಾಗ.

ಮೀನು ಮುಗಿಯುತ್ತಿದೆ ಅಂತ ಮೊದಲೇ ಗೊತ್ತಾದರೆ ಸರ್ಕಾರಗಳು ತಡೆಯುತ್ತವೆ, ಅಲ್ವಾ?

ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಈ ವಿಷಯದಲ್ಲಿ ತಿಳಿದುಕೊಳ್ಳಬೇಕಾದ ಬಹಳಷ್ಟು ಅದೊಂದರಲ್ಲೇ ಇದೆ.

ಅಲ್ಲಿನ ಕಾಡ್ ಮೀನು ನೂರಾರು ವರ್ಷ ಯುರೋಪಿಗೂ ಅಮೆರಿಕಕ್ಕೂ ಊಟ ಕೊಟ್ಟಿದೆ. 1960ರ ದಶಕದಲ್ಲಿ ಬೇರೆ ದೇಶಗಳ ಕಾರ್ಖಾನೆಯಂಥ ಟ್ರಾಲರ್‌ಗಳು ಬಂದವು. 1968ರಲ್ಲಿ ಹಿಡಿದದ್ದು ಸುಮಾರು 8 ಲಕ್ಷ ಟನ್. 1977ರಲ್ಲಿ ಕೆನಡಾ 200 ನಾಟಿಕಲ್ ಮೈಲಿವರೆಗಿನ ಕಡಲು ತನ್ನದು ಅಂತ ಘೋಷಿಸಿ ಹೊರಗಿನವರನ್ನು ದೂರ ಇಟ್ಟಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಖಾಲಿಯಾದ ಜಾಗಕ್ಕೆ ಕೆನಡಾದ್ದೇ ಟ್ರಾಲರ್‌ಗಳು ಬಂದವು, ಸರ್ಕಾರದ ಬೆಂಬಲದಿಂದಲೇ.

1980ರ ದಶಕದಲ್ಲಿ ದಡದ ಹತ್ತಿರ ಸಣ್ಣ ದೋಣಿಯಲ್ಲಿ ಹಿಡಿಯುವವರು ದೂರು ಹೇಳತೊಡಗಿದರು: ಮೀನು ಕಡಿಮೆ ಆಗಿದೆ, ಬರುವುದೂ ಚಿಕ್ಕದು. ಸರ್ಕಾರಿ ಅಂದಾಜು ಮಾತ್ರ ಮೀನು ಹೆಚ್ಚುತ್ತಿದೆ ಅನ್ನುತ್ತಿತ್ತು. ಆ ಅಂದಾಜು ಬಹುಪಾಲು ನಿಂತದ್ದು ಟ್ರಾಲರ್‌ಗಳು ಎಷ್ಟು ಹಿಡಿದವು ಅನ್ನುವುದರ ಮೇಲೆ. ಟ್ರಾಲರ್ ಮೀನು ಗುಂಪಾಗಿರುವ ಕಡೆಯೇ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಕಡಲೆಲ್ಲ ಬರಿದಾಗುತ್ತಿದ್ದರೂ ಅದರ ಬಲೆ ತುಂಬಿಯೇ ಬರುತ್ತದೆ. ದಡದವರು ತಾವೇ ಸ್ವತಂತ್ರ ಪರಿಶೀಲನೆ ಮಾಡಿಸಿದರು. 1989ರಲ್ಲಿ ಸರ್ಕಾರದ ವಿಜ್ಞಾನಿಗಳೂ ಅಂದಾಜು ತಿದ್ದಿ, 1,25,000 ಟನ್ ದಾಟಬೇಡಿ ಅಂದರು. ಸರ್ಕಾರ ಅನುಮತಿ ಕೊಟ್ಟದ್ದು 2,35,000 ಟನ್. ಮೀನು ಕಾರ್ಖಾನೆಗಳು ಮುಚ್ಚುತ್ತವೆ, ಜನ ಕೆಲಸ ಕಳೆದುಕೊಳ್ಳುತ್ತಾರೆ ಅನ್ನುವ ಭಯ ಅದರ ಹಿಂದೆ ಇತ್ತು.

ಮೂರೇ ವರ್ಷದಲ್ಲಿ ಎಲ್ಲವೂ ಮುಚ್ಚಿತು. 1992ರ ಜುಲೈ 1ರಂದು ಮೀನುಗಾರಿಕೆ ಮಂತ್ರಿ ಜಾನ್ ಕ್ರಾಸ್ಬಿ ಬೇ ಬುಲ್ಸ್ ಅನ್ನುವ ಊರಿಗೆ ಬಂದಾಗ ಜನ ಮುತ್ತಿಕೊಂಡು ಕೂಗಾಡಿದರು. ಮೀನು ಖಾಲಿ ಮಾಡಿದ್ದು ನಾನಲ್ಲ ಅಂತ ಅವರೂ ಸಿಟ್ಟಿನಿಂದ ತಿರುಗಿ ಮಾತಾಡಿದರು. ಮಾರನೇ ದಿನ ನಿಷೇಧ ಪ್ರಕಟವಾಯಿತು. ಸುಮಾರು 30,000 ಜನರ ಕೆಲಸ ಹೋಯಿತು. ಎರಡು ವರ್ಷಕ್ಕೆ ಅಂತ ಹೇಳಿದ್ದ ನಿಷೇಧ ಔಪಚಾರಿಕವಾಗಿ ಮುಗಿದದ್ದು 2024ರಲ್ಲಿ. ಆಗಲೂ ಅದು ಬೇಗವಾಯಿತು ಅಂತ ಹಲವು ವಿಜ್ಞಾನಿಗಳು ಆಕ್ಷೇಪ ಎತ್ತಿದರು.

ದಡದವರಿಗೆ ಗೊತ್ತಿತ್ತು. ಕೊನೆಗೆ ವಿಜ್ಞಾನಿಗಳಿಗೂ ಗೊತ್ತಿತ್ತು. ತೀರ್ಮಾನ ಮಾಡುವ ಜಾಗದಲ್ಲಿ ಇಬ್ಬರ ಮಾತಿಗೂ ತೂಕ ಇರಲಿಲ್ಲ.

ಕಾನೂನಿನ ಪ್ರಕಾರ ಕಡಲು ಯಾರದ್ದು?

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಮೂಲ ಚೌಕಟ್ಟು. ಅದು ಜಾರಿಗೆ ಬಂದದ್ದು 1994ರಲ್ಲಿ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್, ಆ ದೇಶದ ಸ್ವಂತ ನೆಲ ಇದ್ದ ಹಾಗೆ. 200 ಮೈಲಿವರೆಗೆ ಮೀನು, ಎಣ್ಣೆ, ಖನಿಜದ ಹಕ್ಕು ಆ ದೇಶದ್ದು. ಅದರಾಚೆ ಇರುವುದು ಎಲ್ಲರ ಕಡಲು. ಅಲ್ಲಿನ ಜೀವಿಗಳನ್ನು ಕಾಪಾಡಲು 2023ರಲ್ಲಿ ಪ್ರತ್ಯೇಕ ಒಪ್ಪಂದವೊಂದು ಅಂಗೀಕಾರವಾಗಿದೆ.

ಇದು ದೇಶ ದೇಶಗಳ ನಡುವಿನ ಮಾತು. ದೇಶದ ಒಳಗೆ ಯಾವ ಇಲಾಖೆಗೆ ಯಾವ ತುಂಡು ಅನ್ನುವುದು ಇನ್ನೂ ತೊಡಕು. ಮೀನು ಒಂದು ಇಲಾಖೆಗೆ, ಕಾಂಡ್ಲಾ ಕಾಡು ಇನ್ನೊಂದಕ್ಕೆ, ಬಂದರು ಮತ್ತೊಂದಕ್ಕೆ, ಹೊಳೆಯ ನೀರು ಮಗದೊಂದಕ್ಕೆ. ಕಾಂಡ್ಲಾ ಬೇರಿನ ನಡುವೆ ಬೆಳೆದ ಮರಿ ಹವಳದ ದಿಬ್ಬಕ್ಕೆ ಹೋಗಿ ದೊಡ್ಡದಾಗುತ್ತದೆ. ಆ ದಾರಿಯಲ್ಲಿ ಅದು ದಾಟುವ ಇಲಾಖೆಗಳು ಒಂದಕ್ಕೊಂದು ಮಾತಾಡುವುದು ಅಪರೂಪ.

"ಸಂರಕ್ಷಿತ ಕಡಲು" ಅಂದರೆ ಅಲ್ಲಿ ಮೀನು ಹಿಡಿಯುವಂತಿಲ್ಲ ಅಂತ ತಾನೇ?

ಬಹಳ ಕಡೆ ಹಾಗಿಲ್ಲ. ಬಹುಶಃ ಅತಿ ದೊಡ್ಡ ತಪ್ಪು ತಿಳುವಳಿಕೆ ಇದೇ. ಸಂರಕ್ಷಿತ ಅನ್ನುವ ಬೋರ್ಡ್ ಕೆಳಗೆ ಏನು ಬೇಕಾದರೂ ನಡೆಯಬಹುದು. ಕೆಲವು ಕಡೆ ಯಾರೂ ಗಾಳ ಕೂಡ ಹಾಕುವಂತಿಲ್ಲ. ಕೆಲವು ಕಡೆ ಗಾಳ ಸರಿ, ಬಲೆ ಬೇಡ. ಇನ್ನು ಕೆಲವು ಕಡೆ ಕಡಲ ತಳವನ್ನೇ ಕೆರೆದು ಎಳೆಯುವ ಟ್ರಾಲ್ ಬಲೆಗೂ ಅಡ್ಡಿಯಿಲ್ಲ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಯುರೋಪಿನ 727 ಸಂರಕ್ಷಿತ ಕಡಲು ಪ್ರದೇಶಗಳನ್ನು ನೋಡಿತು. ಅದರಲ್ಲಿ ಶೇ. 59ರಲ್ಲಿ ವಾಣಿಜ್ಯ ಟ್ರಾಲಿಂಗ್ ನಡೆಯುತ್ತಿತ್ತು. ಸರಾಸರಿ ತೆಗೆದರೆ ಸಂರಕ್ಷಿತ ಗಡಿಯ ಒಳಗಿನ ಟ್ರಾಲಿಂಗ್ ಹೊರಗಿನದ್ದಕ್ಕಿಂತ 1.4 ಪಟ್ಟು ಜಾಸ್ತಿ ಇತ್ತು!

ಯಾವುದು ಕೆಲಸ ಮಾಡುತ್ತದೆ ಅನ್ನುವುದಕ್ಕೂ ಉತ್ತರ ಇದೆ. 2014ರಲ್ಲಿ ನೇಚರ್ ಪತ್ರಿಕೆಯ ಅಧ್ಯಯನ ಜಗತ್ತಿನ 87 ಪ್ರದೇಶಗಳನ್ನು ಹೋಲಿಸಿ ಐದು ಗುಣ ಹೇಳಿತು: ಮೀನು ಹಿಡಿಯುವುದಕ್ಕೆ ಪೂರ್ತಿ ತಡೆ, ನಿಜವಾದ ಕಾವಲು, ಹತ್ತು ವರ್ಷ ದಾಟಿದ ವಯಸ್ಸು, 100 ಚದರ ಕಿಲೋಮೀಟರಿಗಿಂತ ದೊಡ್ಡ ಗಾತ್ರ, ಸುತ್ತ ಆಳ ನೀರು ಅಥವಾ ಮರಳು ಇದ್ದು ಬೇರೆಯಾಗಿರುವುದು. ನಾಲ್ಕೈದು ಗುಣ ಇದ್ದ ಕಡೆ ಫಲ ಎದ್ದು ಕಾಣುತ್ತಿತ್ತು. ಒಂದೋ ಎರಡೋ ಮಾತ್ರ ಇದ್ದ ಕಡೆಗೂ, ರಕ್ಷಣೆಯೇ ಇಲ್ಲದ ಕಡೆಗೂ ವ್ಯತ್ಯಾಸ ಸಿಗಲಿಲ್ಲ. ನೋಡಿದ ಪ್ರದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಎರಡನೇ ಗುಂಪಿಗೇ ಸೇರಿದ್ದವು.

ಕಾಗದದ ಮೇಲಿನ ರಕ್ಷಣೆ ಏನೂ ಇಲ್ಲದ್ದಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಕೆಲಸ ಮುಗಿಯಿತು ಅನ್ನುವ ಭಾವನೆ ಹುಟ್ಟಿಸಿ, ಮುಂದೆ ಕೇಳುವವರ ಬಾಯಿ ಮುಚ್ಚಿಸುತ್ತದೆ.

ಹಿಡಿಯುವುದನ್ನು ನಿಲ್ಲಿಸಿದರೆ ಮೀನು ನಿಜವಾಗಲೂ ವಾಪಸ್ ಬರುತ್ತದಾ?

ಬರುತ್ತದೆ. ಮೆಕ್ಸಿಕೋದ ಕಾಬೋ ಪುಲ್ಮೋದಲ್ಲಿ ಊರಿನವರೇ ಒತ್ತಾಯ ಮಾಡಿ 1995ರಲ್ಲಿ ರಾಷ್ಟ್ರೀಯ ಉದ್ಯಾನ ಮಾಡಿಸಿದರು. ತಾವೇ ಮೀನು ಹಿಡಿಯುವುದನ್ನು ಬಿಟ್ಟರು, ತಾವೇ ಕಾವಲು ನಿಂತರು. 1999ರಿಂದ 2009ರೊಳಗೆ ಅಲ್ಲಿ ಮೀನಿನ ಒಟ್ಟು ತೂಕ ಶೇ. 463ರಷ್ಟು ಹೆಚ್ಚಿತು. ಅಷ್ಟಾದರೂ ಅಪಾಯ ತಪ್ಪಲಿಲ್ಲ. ಪಕ್ಕದಲ್ಲೇ ದೊಡ್ಡ ಪ್ರವಾಸಿ ನಗರ ಕಟ್ಟುವ ಯೋಜನೆ ಬಂತು. ಜೋರಾದ ವಿರೋಧದ ನಂತರ 2012ರಲ್ಲಿ ಅಧ್ಯಕ್ಷರೇ ಅದನ್ನು ರದ್ದು ಮಾಡಬೇಕಾಯಿತು.

ಇನ್ನೊಂದು ಕಥೆ ಫಿಲಿಪ್ಪೀನ್ಸ್‌ನ ಸುಮಿಲಾನ್ ದ್ವೀಪದ್ದು. ಅಲ್ಲಿ 1974ರಲ್ಲಿ ವಿಜ್ಞಾನಿ ಏಂಜೆಲ್ ಅಲ್ಕಾಲಾ ಅವರ ಪ್ರಯತ್ನದಿಂದ ಹವಳದ ದಿಬ್ಬದ ಸುಮಾರು ಕಾಲು ಭಾಗವನ್ನು ಮುಚ್ಚಿದರು. ಹತ್ತು ವರ್ಷ ಚೆನ್ನಾಗಿ ನಡೆಯಿತು. 1984ರಲ್ಲಿ ಸ್ಥಳೀಯ ರಾಜಕೀಯದ ಜಗಳದಲ್ಲಿ ರಕ್ಷಣೆ ಮುರಿದುಬಿತ್ತು, ಎಲ್ಲರೂ ಒಳಗೆ ನುಗ್ಗಿದರು. ಹಿಡಿಯುವ ಜಾಗ ಹೆಚ್ಚಾಯಿತು, ಮೀನೂ ಹೆಚ್ಚು ಸಿಗಬೇಕಲ್ಲ? ಒಂದೂವರೆ ವರ್ಷದಲ್ಲಿ ಇಡೀ ದ್ವೀಪದಲ್ಲಿ ಸಿಗುವ ಮೀನು ಅರ್ಧಕ್ಕಿಂತ ಕೆಳಗೆ ಬಿತ್ತು. ಮುಚ್ಚಿದ ಆ ಕಾಲು ಭಾಗವೇ ಉಳಿದ ಮುಕ್ಕಾಲು ಭಾಗಕ್ಕೆ ಮೀನು ಕೊಡುತ್ತಿತ್ತು. ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ. ಹತ್ತು ವರ್ಷ ಕಾದು ಕೂಡಿಟ್ಟದ್ದು ಒಂದು ಚುನಾವಣೆಯ ಅವಧಿಯಷ್ಟು ಸಮಯವೂ ಬಾಳಲಿಲ್ಲ.

ಹತ್ತಿರದ ಆಪೊ ದ್ವೀಪದಲ್ಲೂ ಅಲ್ಕಾಲಾ ಅವರೇ ಇದ್ದರು. ಆದರೆ ಅಲ್ಲಿ ಊರಿನವರು ಮೊದಲಿನಿಂದಲೂ ಅದು ತಮ್ಮದು ಅಂದುಕೊಂಡರು. 1980ರ ದಶಕದ ಆರಂಭದಲ್ಲಿ ಶುರುವಾದ ಆ ಸಣ್ಣ ಮೀಸಲು ಜಾಗ ಉಳಿಯಿತು, ಜಗತ್ತಿಗೇ ಉದಾಹರಣೆಯಾಯಿತು. ಹೆಸರು ಬಂದ ಮೇಲೆ, 1994ರಲ್ಲಿ, ಕೇಂದ್ರ ಸರ್ಕಾರ ಅದನ್ನು ತನ್ನ ಸಂರಕ್ಷಿತ ಪ್ರದೇಶಗಳ ಪಟ್ಟಿಗೆ ಸೇರಿಸಿಕೊಂಡಿತು. ಪ್ರವಾಸಿಗರ ಶುಲ್ಕ ಸರ್ಕಾರದ ಖಾತೆಗೆ ಹೋಗಿ ಸುತ್ತಿ ಬರತೊಡಗಿತು. ನಾವು ಬೆಳೆಸಿದ್ದರಲ್ಲಿ ನಮ್ಮ ಮಾತೇ ನಡೆಯುತ್ತಿಲ್ಲ ಅಂತ ಊರಿನವರಿಗೆ ಬೇಸರ ಶುರುವಾಯಿತು.

ಹಾಗಾದರೆ ರಕ್ಷಣೆಗೆ ಅಡ್ಡ ಬರುವವರು ಮೀನುಗಾರರೇ ಅಲ್ವಾ?

ಈ ಮಾತು ಬಹಳ ಸುಲಭವಾಗಿ ಬರುತ್ತದೆ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನುವವರು ಎಲ್ಲರಿಗೂ ಸೇರಿದ ಸಂಪತ್ತು ಹಾಳಾಗುವುದು ಖಂಡಿತ ಅಂತ ಒಂದು ಲೇಖನ ಬರೆದರು. ಪ್ರತಿಯೊಬ್ಬನೂ ಇನ್ನೊಬ್ಬನಿಗಿಂತ ಮೊದಲು ಬಾಚಿಕೊಳ್ಳುತ್ತಾನೆ ಅನ್ನುವುದು ಅವರ ವಾದ. ಅದಕ್ಕೆ ಮದ್ದು ಎರಡೇ ಅಂತ ಜನ ತಿಳಿದುಕೊಂಡರು: ಸರ್ಕಾರದ ಹತೋಟಿ, ಇಲ್ಲವೇ ಖಾಸಗಿ ಒಡೆತನ. ಎಲಿನಾರ್ ಆಸ್ಟ್ರಮ್ ಮೀನುಗಾರಿಕೆ, ಕಾಡು, ನೀರಾವರಿಯ ನೂರಾರು ಉದಾಹರಣೆಗಳನ್ನು ನೋಡಿ ಮೂರನೇ ದಾರಿಯನ್ನು ತೋರಿಸಿದರು. ಯಾರು ಒಳಗೆ, ಯಾರು ಹೊರಗೆ ಅನ್ನುವುದು ಸ್ಪಷ್ಟವಾಗಿದ್ದು, ನಿಯಮ ಮಾಡುವುದರಲ್ಲಿ ಬಳಸುವವರೇ ಇದ್ದರೆ, ಜನ ತಮ್ಮ ಸಂಪತ್ತನ್ನು ತಾವೇ ಉಳಿಸಿಕೊಳ್ಳಬಲ್ಲರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಅಮೆರಿಕದ ಮೇನ್ ರಾಜ್ಯದ ಲಾಬ್‌ಸ್ಟರ್ ಹಿಡಿಯುವವರನ್ನೇ ನೋಡಿ. ಬೋನು ಮೇಲೆತ್ತಿದಾಗ ಹೊಟ್ಟೆ ಕೆಳಗೆ ಮೊಟ್ಟೆ ಹೊತ್ತ ಹೆಣ್ಣು ಸಿಕ್ಕರೆ, ಅದರ ಬಾಲದ ಒಂದು ರೆಕ್ಕೆಯಲ್ಲಿ ವಿ ಆಕಾರದ ಸಣ್ಣ ಕಚ್ಚು ಹಾಕಿ ನೀರಿಗೆ ಬಿಡುತ್ತಾರೆ. ಮುಂದೆ ಅದು ಇನ್ಯಾರದೋ ಬೋನಿಗೆ ಬೀಳಬಹುದು. ಆಗ ಮೊಟ್ಟೆ ಇಲ್ಲದಿದ್ದರೂ ಆ ಕಚ್ಚು ನೋಡಿ ಅವರೂ ಬಿಡಬೇಕು, ಮಾರುವಂತಿಲ್ಲ. ಹೆರುವ ತಾಯಿ ಅಂತ ಅದರ ಮೈ ಮೇಲೇ ಗುರುತು ಇದೆ. ತೀರಾ ದೊಡ್ಡದನ್ನೂ ಬಿಡಬೇಕು, ತೀರಾ ಚಿಕ್ಕದನ್ನೂ ಬಿಡಬೇಕು. ಕಡಲಲ್ಲಿ ಪ್ರತಿ ದೋಣಿಯ ಹಿಂದೆ ಪೊಲೀಸ್ ಇರುವುದಕ್ಕೆ ಆಗುವುದಿಲ್ಲ. ಪಕ್ಕದ ದೋಣಿಯವನು ನೋಡುತ್ತಿದ್ದಾನೆ, ನಾಳೆ ದೋಣಿ ನಿಲ್ಲಿಸುವ ಅದೇ ಧಕ್ಕೆಯಲ್ಲಿ ಮುಖ ತೋರಿಸಬೇಕು ಅನ್ನುವುದೇ ಕಾವಲು. 1995ರಲ್ಲಿ ರಾಜ್ಯ ಕಾನೂನು ಮಾಡಿ ಕರಾವಳಿಯನ್ನು ವಲಯಗಳಾಗಿ ಹಂಚಿತು. ಪ್ರತಿ ವಲಯದಲ್ಲೂ ಹಿಡಿಯುವವರೇ ಆರಿಸಿದ ಮಂಡಳಿ ಬಂತು. ಒಬ್ಬರು ಎಷ್ಟು ಬೋನು ಇಡಬಹುದು ಅನ್ನುವಂಥ ವಿಷಯಗಳಲ್ಲಿ ಅವರದ್ದೇ ಮತ ನಡೆಯುತ್ತದೆ.

ಚಿಲಿ ದೇಶ 1991ರ ಕಾನೂನಿನಲ್ಲಿ ದಡದ ತುಂಡುಗಳ ಹಕ್ಕನ್ನು ಸಣ್ಣ ಮೀನುಗಾರರ ಸಂಘಗಳಿಗೇ ಕೊಡುವ ದಾರಿ ತೆರೆಯಿತು. ಲೋಕೊ ಅನ್ನುವ ಬೆಲೆಬಾಳುವ ಕಡಲ ಬಸವನಹುಳು ಆ ಹೊತ್ತಿಗೆ ಮುಗಿಯುವ ಹಂತದಲ್ಲಿತ್ತು. ಸಂಘ ಕಾಯುವ ತುಂಡುಗಳಲ್ಲಿ ಅದು ದೊಡ್ಡದಾಗಿಯೂ ಹೆಚ್ಚಾಗಿಯೂ ಸಿಗತೊಡಗಿತು. ಕಳ್ಳತನ ಅಲ್ಲಿ ಈಗಲೂ ದೊಡ್ಡ ತಲೆನೋವು, ಅದೂ ನಿಜ.

"ಮೀನುಗಾರರು" ಅನ್ನುವುದು ಒಂದೇ ಗುಂಪಾ?

ಖಂಡಿತ ಅಲ್ಲ. ಎಷ್ಟೋ ತಪ್ಪು ನೀತಿಗಳು ಹುಟ್ಟುವುದು ಹಾಗೆ ತಿಳಿದುಕೊಂಡಾಗಲೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪಾಲುಗೊಂಡ ದೊಡ್ಡ ಅಧ್ಯಯನದ ಪ್ರಕಾರ, ಜಗತ್ತಿನಲ್ಲಿ ಹಿಡಿಯುವ ಮೀನಿನಲ್ಲಿ ಸುಮಾರು ಶೇ. 40 ಸಣ್ಣ ಪ್ರಮಾಣದ ಮೀನುಗಾರಿಕೆಯದ್ದು. ಈ ದುಡಿಮೆಯಲ್ಲಿ ಇರುವ ಜನರಲ್ಲಿ ಶೇ. 90 ಅಲ್ಲೇ ಇದ್ದಾರೆ. ಹಾಗಿದ್ದರೂ ಸರ್ಕಾರದ ಸಭೆಗೆ "ಮೀನುಗಾರರ ಪ್ರತಿನಿಧಿ" ಅಂತ ಬಂದು ಕೂರುವವರು ಎಷ್ಟೋ ಸಲ ದೊಡ್ಡ ಹಡಗಿನ ಮಾಲೀಕರು. ಹೆಂಗಸರಂತೂ ಲೆಕ್ಕಕ್ಕೇ ಬರುವುದಿಲ್ಲ. ಮೀನು ಒಣಗಿಸುವುದು, ಮಾರುವುದು, ಕೆಸರಿನಲ್ಲಿ ಚಿಪ್ಪು ಹೆಕ್ಕುವುದು ಯಾವುದೂ ಬಹಳ ದೇಶಗಳ ದಾಖಲೆಯಲ್ಲಿ ಮೀನುಗಾರಿಕೆ ಅಂತ ಸೇರಿಲ್ಲ.

ಇಂಡೋನೇಷ್ಯಾದಲ್ಲಿ ಟ್ರಾಲರ್‌ಗಳಿಗೂ ಸಣ್ಣ ದೋಣಿಯವರಿಗೂ ಬಡಿದಾಟ ಜೋರಾಗಿ, 1980ರಲ್ಲಿ ಅಧ್ಯಕ್ಷರ ಆದೇಶದಿಂದ ದೇಶದ ಬಹುಭಾಗದಲ್ಲಿ ಟ್ರಾಲಿಂಗ್ ನಿಂತಿತು. ಆಮೇಲೆ ಹೆಚ್ಚುಕಡಿಮೆ ಟ್ರಾಲ್‌ನಂತೆಯೇ ಕೆಲಸ ಮಾಡುವ ಚಾಂತ್ರಾಂಗ್ ಅನ್ನುವ ಎಳೆಬಲೆ ಹಬ್ಬಿತು. 2015ರಲ್ಲಿ ಮಂತ್ರಿ ಸುಸಿ ಪುಜಿಯಾಸ್ತುತಿ ಅದನ್ನೂ ನಿಷೇಧಿಸಿದಾಗ ಉತ್ತರ ಜಾವಾದ ಸಾವಿರಾರು ಮೀನುಗಾರರು ಬೀದಿಗಿಳಿದರು. 2018ರ ಆರಂಭದಲ್ಲಿ ಸರ್ಕಾರ ಸಡಿಲ ಕೊಟ್ಟಿತು. ಬೀದಿಗೆ ಬಂದವರಲ್ಲಿ ಸಾಲ ಮಾಡಿ ಬಲೆ ಕೊಂಡವರಿದ್ದರು, ಕೂಲಿಗೆ ದುಡಿಯುವವರಿದ್ದರು. ನಿಷೇಧ ಬೇಕು ಅಂದವರೂ ಬಡ ಮೀನುಗಾರರೇ. ಬಲೆ ಬದಲಾಯಿಸಲು ದುಡ್ಡು ಮತ್ತು ಸಮಯ ಮೊದಲೇ ಕೈಗೆ ಕೊಡದೆ ನಿಷೇಧ ತಂದರೆ ಬಡವರು ಬಡವರ ಮೇಲೇ ತಿರುಗಿಬೀಳುತ್ತಾರೆ.

ರಕ್ಷಣೆಯ ಹೆಸರಲ್ಲಿ ಜನರನ್ನು ಒಕ್ಕಲೆಬ್ಬಿಸಿದ್ದು ಉಂಟಾ?

ಉಂಟು. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳ ಜನರನ್ನು 1968ರಿಂದ 1973ರ ನಡುವೆ ಬ್ರಿಟನ್ ಪೂರ್ತಿ ಹೊರಹಾಕಿತು. ಅವುಗಳಲ್ಲೊಂದಾದ ಡಿಯೆಗೊ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆ ಬೇಕಿತ್ತು. ವಾಪಸ್ ಹೋಗಲು ಆ ಜನ ಕೋರ್ಟಿನಲ್ಲಿ ಹೋರಾಡುತ್ತಿದ್ದಾಗಲೇ, 2010ರಲ್ಲಿ, ಬ್ರಿಟನ್ ದ್ವೀಪಗಳ ಸುತ್ತ ಸುಮಾರು 6,40,000 ಚದರ ಕಿಲೋಮೀಟರನ್ನು ಮೀನು ಹಿಡಿಯುವಂತಿಲ್ಲದ ಸಂರಕ್ಷಿತ ಕಡಲು ಅಂತ ಘೋಷಿಸಿತು. ಆಗ ಜಗತ್ತಿನಲ್ಲೇ ಅತಿ ದೊಡ್ಡದು. ಪರಿಸರ ಸಂಘಟನೆಗಳು ಸಂಭ್ರಮಪಟ್ಟವು. ಆಮೇಲೆ ಸೋರಿಕೆಯಾದ ಅಮೆರಿಕದ ರಾಜತಾಂತ್ರಿಕ ದಾಖಲೆಯೊಂದರಲ್ಲಿ, ಮೀಸಲು ಕಡಲು ಆದರೆ ಜನ ವಾಪಸ್ ಬರುವುದು ಕಷ್ಟವಾಗುತ್ತದೆ ಅಂತ ಬ್ರಿಟಿಷ್ ಅಧಿಕಾರಿ ಹೇಳಿದ್ದು ಹೊರಬಂತು. 2015ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ, ದ್ವೀಪಗಳು ತನ್ನವು ಅನ್ನುವ ಮಾರಿಷಸ್‌ನ ಹಕ್ಕುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದ ಈ ಘೋಷಣೆ ಸಮುದ್ರ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು.

ಆ ಕಡಲಿನ ಹವಳ ನಿಜಕ್ಕೂ ಅಪರೂಪದ್ದು, ಅದು ಉಳಿಯಲೇಬೇಕು. ಅದಕ್ಕಾಗಿಯೇ ಸಿಟ್ಟು ಬರುತ್ತದೆ. ಒಳ್ಳೆಯ ಕೆಲಸವನ್ನು ಅನ್ಯಾಯಕ್ಕೆ ಮುಚ್ಚಳ ಮಾಡಿಕೊಂಡರೆ, ಮುಂದೆ ಇನ್ನೆಲ್ಲೋ ಸಂರಕ್ಷಣೆ ಅನ್ನುವ ಮಾತು ಬಂದಾಗ ದಡದ ಜನ ಮೊದಲು ಹೆದರುತ್ತಾರೆ. ಆ ಹೆದರಿಕೆಗೆ ಕಾರಣ ಇದೆ.

ಕಾಂಡ್ಲಾ ಕಾಡಿನ ವಿಷಯದಲ್ಲಿ ಜಗಳ ಯಾತಕ್ಕೆ?

ಮುಖ್ಯವಾಗಿ ಸಿಗಡಿಗೆ. ಉಬ್ಬರದ ನೀರು ಬಂದುಹೋಗುವ ಸಮತಟ್ಟು ಜಾಗ ಸಿಗಡಿ ಕೊಳಕ್ಕೆ ಅನುಕೂಲ, ಕಾಂಡ್ಲಾ ಬೆಳೆಯುವುದೂ ಅಲ್ಲೇ. 1970ರ ದಶಕದಿಂದ ಈಕ್ವೆಡಾರ್, ಥಾಯ್ಲೆಂಡ್ ಮುಂತಾದ ಕಡೆ ದೊಡ್ಡ ಪ್ರಮಾಣದಲ್ಲಿ ಕಡಿದು ಕೊಳ ಮಾಡಿದರು. ಕಾಡು ಸರ್ಕಾರದ್ದು, ಅಂದರೆ ಯಾರದ್ದೂ ಅಲ್ಲ ಅನ್ನುವ ಧೋರಣೆ ಇತ್ತು. ನಿಜದಲ್ಲಿ ಅದು ಕೆಲವರ ದುಡಿಮೆಯ ಜಾಗ. ಈಕ್ವೆಡಾರ್‌ನಲ್ಲಿ ಕೊಂಚೆರಾ ಅಂತ ಕರೆಯುವ ಹೆಂಗಸರು ನೀರು ಇಳಿದಾಗ ಕಾಂಡ್ಲಾ ಬೇರುಗಳ ನಡುವೆ ಬಾಗಿ, ಮೊಣಕೈವರೆಗೆ ಕೆಸರಿಗೆ ಕೈ ಹಾಕಿ, ಬೆರಳಿನಿಂದಲೇ ತಡಕಿ ಕಪ್ಪು ಚಿಪ್ಪು ತೆಗೆಯುತ್ತಾರೆ. ಕಾಡು ಹೋದರೆ ಅವರಿಗೆ ಹೋಗುವುದು ಅಂದಿನ ಊಟ.

ವರ್ಷಗಟ್ಟಲೆ ಪ್ರತಿಭಟನೆಯ ನಂತರ, 1999ರಿಂದ, ಕಾಂಡ್ಲಾ ಕಾಡಿನ ತುಂಡುಗಳನ್ನು ಅಲ್ಲಿನ ಸಂಘಗಳ ವಶಕ್ಕೆ ಹತ್ತು ವರ್ಷದ ಅವಧಿಗೆ ಕೊಡುವ ವ್ಯವಸ್ಥೆ ಬಂತು. ಸಂಘ ಕಾಯಬೇಕು, ಚಿಪ್ಪು ಮತ್ತು ಏಡಿ ಹಿಡಿಯುವ ಹಕ್ಕು ಅವರದ್ದು, ಅವಧಿ ಮುಗಿದ ಮೇಲೆ ನವೀಕರಿಸಬಹುದು. ಕಾಗದಪತ್ರದ ಕೆಲಸ ಮಾಡಿಕೊಳ್ಳಲು ಆಗದ ಬಡ ಗುಂಪುಗಳು ಹೊರಗೇ ಉಳಿದವು ಅನ್ನುವ ದೂರು ಇದೆ. ಅದನ್ನು ಸರಿಪಡಿಸಲೇಬೇಕು. ಆದರೂ ಕಾಡು ಕಾಯುವವರಿಗೇ ಕಾಡಿನ ಫಲ ಅನ್ನುವ ತತ್ವ ಸರಿಯಾದದ್ದು.

ಮೀನು ಹಿಡಿಯುವುದನ್ನು ನಿಲ್ಲಿಸಿದರೂ ಕಡಲು ಹಾಳಾಗುತ್ತಿದೆಯಲ್ಲ, ಯಾಕೆ?

ಅರ್ಧ ಸಮಸ್ಯೆ ನೆಲದಿಂದ ಬರುತ್ತದೆ. ಮೆಕ್ಸಿಕೋ ಕೊಲ್ಲಿಯಲ್ಲಿ ಪ್ರತಿ ಬೇಸಿಗೆ ಸಾವಿರಾರು ಚದರ ಕಿಲೋಮೀಟರ್ ತಳದ ನೀರಿನಲ್ಲಿ ಆಮ್ಲಜನಕ ಕುಸಿದುಹೋಗುತ್ತದೆ. ಮಿಸಿಸಿಪಿ ನದಿ ನೂರಾರು ಮೈಲಿ ದೂರದ ಹೊಲಗಳಿಂದ ಗೊಬ್ಬರದ ಸಾರ ಹೊತ್ತು ತರುತ್ತದೆ. ಆ ರೈತ ಕಡಲನ್ನು ನೋಡಿಯೇ ಇರಲಿಕ್ಕಿಲ್ಲ. ಕಡಲಿನ ಮೀನುಗಾರನಿಗೆ ಆ ರಾಜ್ಯದಲ್ಲಿ ವೋಟಿಲ್ಲ. ಈ ಸಮಸ್ಯೆ ಬಗೆಹರಿಯದೆ ಇರುವುದಕ್ಕೆ ಇದೇ ದೊಡ್ಡ ಕಾರಣ.

ಸಮಸ್ಯೆಯ ಹೊಣೆ ಒಂದೇ ಊರಿನ ಸುತ್ತಮುತ್ತ ಇದ್ದಾಗ ಕೆಲಸ ಆಗಿದ್ದೂ ಇದೆ. ಫ್ಲಾರಿಡಾದ ಟ್ಯಾಂಪಾ ಕೊಲ್ಲಿ 1970ರ ದಶಕದಲ್ಲಿ ಚರಂಡಿ ನೀರಿನಿಂದ ಕೊಳೆತಿತ್ತು. ಪಾಚಿ ಬೆಳೆದು ಬೆಳಕು ತಳಕ್ಕೆ ಮುಟ್ಟುತ್ತಿರಲಿಲ್ಲ, ಕಡಲಹುಲ್ಲು ಸಾಯುತ್ತಿತ್ತು. ಜನರ ಒತ್ತಾಯದಿಂದ ಚರಂಡಿ ನೀರನ್ನು ಚೆನ್ನಾಗಿ ಶುದ್ಧಮಾಡಿಯೇ ಬಿಡಬೇಕು ಅನ್ನುವ ಕಾನೂನು ಬಂತು. ನಿಧಾನಕ್ಕೆ ನೀರು ತಿಳಿಯಾಯಿತು. 2010ರ ದಶಕದ ಮಧ್ಯದ ಹೊತ್ತಿಗೆ ಕಡಲಹುಲ್ಲು 1950ರ ದಶಕದ ಮಟ್ಟಕ್ಕೆ ವಾಪಸ್ ಬಂದಿತ್ತು. 2016ರ ನಂತರ ಮತ್ತೆ ಇಳಿಯತೊಡಗಿತು. 2021ರಲ್ಲಿ ಮುಚ್ಚಿದ ಗೊಬ್ಬರ ಕಾರ್ಖಾನೆಯೊಂದರ ಕೊಳದಿಂದ 20 ಕೋಟಿ ಗ್ಯಾಲನ್‌ಗಿಂತ ಹೆಚ್ಚು ಕಲುಷಿತ ನೀರನ್ನು ಕೊಲ್ಲಿಗೇ ಬಿಡಬೇಕಾಯಿತು. ನಲವತ್ತು ವರ್ಷದ ಶ್ರಮದ ನಂತರವೂ ಕಾವಲು ಬೇಕೇ ಬೇಕು.

ಕಡಲೇ ಬಿಸಿಯಾಗುತ್ತಿರುವಾಗ ಗಡಿ ಎಳೆದು ಏನು ಪ್ರಯೋಜನ?

ಆಸ್ಟ್ರೇಲಿಯಾದ ದೊಡ್ಡ ಹವಳದ ದಿಬ್ಬಗಳ ಸಾಲು ಗ್ರೇಟ್ ಬ್ಯಾರಿಯರ್ ರೀಫ್ ಈ ಪ್ರಶ್ನೆಯನ್ನು ನೇರವಾಗಿ ಎದುರಿಸುತ್ತಿದೆ. ಆಸ್ಟ್ರೇಲಿಯಾ 2004ರಲ್ಲಿ ಅಲ್ಲಿ ಮೀನು ಹಿಡಿಯುವಂತಿಲ್ಲದ ಜಾಗವನ್ನು ಶೇ. 5ಕ್ಕಿಂತ ಕಡಿಮೆ ಇದ್ದದ್ದರಿಂದ ಶೇ. 33ಕ್ಕೆ ಏರಿಸಿತು. ಅದಕ್ಕೆ ಮೊದಲು ಜನರಿಂದ 31,000ಕ್ಕೂ ಹೆಚ್ಚು ಲಿಖಿತ ಅಭಿಪ್ರಾಯ ಬಂದಿದ್ದವು, ನಕ್ಷೆಯೂ ಅದರಂತೆ ಬದಲಾಯಿತು. ಮೀನುಗಾರಿಕೆಗೆ ಕೊಟ್ಟ ಪರಿಹಾರ 20 ಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತು. ಕ್ರಮದ ದೃಷ್ಟಿಯಿಂದ ಇದು ಒಳ್ಳೆಯ ಮಾದರಿ. ಆದರೆ 2016, 2017, 2020, 2022, 2024ರಲ್ಲಿ ನೀರು ಬಿಸಿಯಾಗಿ ಹವಳ ಸಾಮೂಹಿಕವಾಗಿ ಬಿಳಿಚಿಕೊಂಡಿತು. ಶಾಖ ಯಾವ ಗಡಿಯನ್ನೂ ಲೆಕ್ಕಿಸಲಿಲ್ಲ. 2021ರಲ್ಲಿ ಯುನೆಸ್ಕೋ ಇದನ್ನು ಅಪಾಯದಲ್ಲಿರುವ ತಾಣ ಅಂತ ಸೇರಿಸುವ ಪ್ರಸ್ತಾಪ ತಂದಾಗ ಆಸ್ಟ್ರೇಲಿಯಾ ದೇಶ ದೇಶಕ್ಕೆ ಹೋಗಿ ಮನವೊಲಿಸಿ ತಪ್ಪಿಸಿಕೊಂಡಿತು. ಕಲ್ಲಿದ್ದಲು ಮಾರುವ ದೇಶವೇ ಹವಳದ ರಕ್ಷಕನೂ ಆಗಿರುವಾಗ ಹೀಗಾಗುತ್ತದೆ.

ಗಡಿಯಿಂದ ಪ್ರಯೋಜನ ಇಲ್ಲವೇ ಇಲ್ಲ ಅಂತ ಹೇಳಲಾರೆ. ಪಾಚಿ ತಿನ್ನುವ ಮೀನು ಚೆನ್ನಾಗಿದ್ದು ನೀರು ತಿಳಿಯಾಗಿದ್ದರೆ, ಸತ್ತ ಜಾಗದಲ್ಲಿ ಹೊಸ ಹವಳ ನೆಲೆಯೂರಲು ಹೆಚ್ಚು ಅವಕಾಶ. ಅದು ಸಮಯ ಗಳಿಸಿಕೊಡುತ್ತದೆ, ಶಾಖವನ್ನು ಮಾತ್ರ ಇಳಿಸುವುದಿಲ್ಲ.

2030ರೊಳಗೆ ಶೇ. 30 ಅನ್ನುವ ಗುರಿ ಏನು?

2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿದ ಗುರಿ ಅದು: ನೆಲ ಮತ್ತು ಕಡಲಿನ ಶೇ. 30 ಭಾಗಕ್ಕೆ ರಕ್ಷಣೆ. 2024ರ ಹೊತ್ತಿಗೆ ಕಡಲಿನಲ್ಲಿ ಸುಮಾರು ಶೇ. 8 ಸಂರಕ್ಷಿತ ಅನ್ನುವ ಹೆಸರಿನಲ್ಲಿತ್ತು, ನಿಜವಾಗಿ ಬಿಗಿ ರಕ್ಷಣೆ ಇದ್ದದ್ದು ಶೇ. 3ಕ್ಕೂ ಕಡಿಮೆ. ಇಂಥ ಗುರಿಯಲ್ಲಿ ಒಂದು ಅಪಾಯ ಇದೆ. ಚದರ ಕಿಲೋಮೀಟರ್ ಲೆಕ್ಕವೇ ಮುಖ್ಯವಾದರೆ, ಯಾರೂ ಮೀನು ಹಿಡಿಯದ ದೂರದ ಕಡಲನ್ನು ಸೇರಿಸಿ ಲೆಕ್ಕ ತುಂಬಿಸುವುದು ಸುಲಭ. ಒತ್ತಡ ಇರುವುದು ದಡದ ಹತ್ತಿರ, ಅಳಿವೆಗಳಲ್ಲಿ, ಬಂದರುಗಳ ಪಕ್ಕದಲ್ಲಿ. ಅಲ್ಲಿ ಕೈ ಹಾಕಿದರೆ ವಿರೋಧ ಬರುತ್ತದೆ, ಹಾಗಾಗಿ ಅದು ಕೊನೆಗೆ ಉಳಿದುಬಿಡುತ್ತದೆ. ಗುರಿ ಒಳ್ಳೆಯದೇ. ಎಷ್ಟು ಅಂತ ಕೇಳುವಾಗ ಎಲ್ಲಿ ಅಂತಲೂ ಕೇಳಬೇಕು.

ಇದಕ್ಕೆಲ್ಲ ದುಡ್ಡು ಎಲ್ಲಿಂದ?

ಮೊದಲು ಹಾಳು ಮಾಡಲು ಹೋಗುತ್ತಿರುವ ದುಡ್ಡಿನ ಬಗ್ಗೆ ಕೇಳಿ. ಜಗತ್ತಿನ ಸರ್ಕಾರಗಳು 2018ರಲ್ಲಿ ಮೀನುಗಾರಿಕೆಗೆ ಕೊಟ್ಟ ಸಬ್ಸಿಡಿ ಸುಮಾರು 3,500 ಕೋಟಿ ಅಮೆರಿಕನ್ ಡಾಲರ್ ಅಂತ ಅಂದಾಜು. ಅದರಲ್ಲಿ ಸುಮಾರು 2,200 ಕೋಟಿ ಹೋದದ್ದು ಡೀಸೆಲ್, ಹೊಸ ಹಡಗು ಮುಂತಾದ್ದಕ್ಕೆ, ಅಂದರೆ ಇನ್ನೂ ಜಾಸ್ತಿ ಹಿಡಿಯುವ ಶಕ್ತಿ ಬೆಳೆಸಲು. ಇದನ್ನು ತಡೆಯಲು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಎರಡು ದಶಕ ಮಾತುಕತೆ ನಡೆದು, 2022ರಲ್ಲಿ ಒಪ್ಪಂದವಾಗಿ, 2025ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಕಾನೂನುಬಾಹಿರ ಮೀನುಗಾರಿಕೆಗೆ, ಈಗಾಗಲೇ ಮಿತಿಮೀರಿ ಹಿಡಿದ ಮೀನಿನ ಮೇಲೆ ಸಬ್ಸಿಡಿ ಕೊಡಬಾರದು ಅನ್ನುತ್ತದೆ ಅದು. ಹಡಗುಗಳ ಶಕ್ತಿ ಹೆಚ್ಚಿಸುವ ಸಬ್ಸಿಡಿಯ ಮಾತು ಮಾತ್ರ ಮುಂದಕ್ಕೆ ಹೋಯಿತು.

ಸಾಲ ಹೊಂದಿಸಿಕೊಳ್ಳುವ ದಾರಿಯೂ ಇದೆ: ಹೊರಗಿನ ಸಂಸ್ಥೆ ದೇಶದ ಸಾಲವನ್ನು ಹಗುರ ಮಾಡಿಕೊಡುತ್ತದೆ, ಬದಲಿಗೆ ಆ ದೇಶ ಕಡಲು ಕಾಪಾಡುವ ಮಾತು ಕೊಡುತ್ತದೆ. ಸೆಷೆಲ್ಸ್ ತನ್ನ ವಿದೇಶಿ ಸಾಲದ ಒಂದು ಭಾಗವನ್ನು ಹೀಗೆ ಹೊಂದಿಸಿಕೊಂಡು, 2020ರಲ್ಲಿ ತನ್ನ ಕಡಲಿನ ಶೇ. 30ಕ್ಕೆ ರಕ್ಷಣೆ ಘೋಷಿಸಿತು. ಹೊರಗಿನ ಸಂಸ್ಥೆಗಳಿಗೆ ದೇಶದ ಕಡಲಿನಲ್ಲಿ ಎಷ್ಟು ಮಾತಿರಬೇಕು ಅನ್ನುವ ಚರ್ಚೆ ಇಂಥ ಕಡೆ ಬರುತ್ತದೆ, ಬರಲೂ ಬೇಕು.

ಮೀನು ಒಂದು ದೇಶದಿಂದ ಇನ್ನೊಂದಕ್ಕೆ ಹೋದರೆ?

ಜಗಳವೂ ಅದರ ಜೊತೆಗೇ ಹೋಗುತ್ತದೆ. ಸುಮಾರು 2007ರ ನಂತರ ಈಶಾನ್ಯ ಅಟ್ಲಾಂಟಿಕ್‌ನ ಬಂಗುಡೆ ಜಾತಿಯ ಮೀನು ದೊಡ್ಡ ಪ್ರಮಾಣದಲ್ಲಿ ಐಸ್‌ಲ್ಯಾಂಡ್ ಕಡೆ ಬರತೊಡಗಿತು. ನಮ್ಮ ಕಡಲಲ್ಲಿ ಇದೆ, ನಮಗೂ ಪಾಲು ಅಂತು ಐಸ್‌ಲ್ಯಾಂಡ್. ಹಳೆಯ ಪಾಲುದಾರರು ಒಪ್ಪಲಿಲ್ಲ. ಒಬ್ಬೊಬ್ಬರೂ ತಮ್ಮ ಪಾಲು ತಾವೇ ಗೊತ್ತುಮಾಡಿಕೊಂಡರು. ಎಲ್ಲ ಪಾಲನ್ನೂ ಕೂಡಿಸಿದರೆ ವಿಜ್ಞಾನಿಗಳು ಹೇಳಿದ ಮಿತಿಗಿಂತ ಜಾಸ್ತಿ. 2019ರಲ್ಲಿ ಆ ಮೀನುಗಾರಿಕೆಯ ಸುಸ್ಥಿರತೆಯ ಪ್ರಮಾಣಪತ್ರ ಅಮಾನತಾಯಿತು. ಕಡಲು ಬಿಸಿಯಾದಷ್ಟೂ ಇಂಥವು ಹೆಚ್ಚುತ್ತವೆ.

ನಮ್ಮ ಕಡೆಯ ಕಡಲಿಗೆ ಯೋಜನೆಯೊಂದು ಬಂದು, ಜನರ ಅಭಿಪ್ರಾಯ ಕೇಳಿದರೆ ನಾವು ಏನು ಕೇಳಬೇಕು?

ಮೊದಲು ನಕ್ಷೆ ಕೇಳಿ, ನಿಮ್ಮ ಭಾಷೆಯಲ್ಲಿ, ಸಭೆಗೆ ಸಾಕಷ್ಟು ದಿನ ಮೊದಲೇ. ಗಡಿ ಎಲ್ಲಿದೆ, ಒಳಗೆ ಯಾವ ಬಲೆಗೆ ಅನುಮತಿ, ಯಾವುದಕ್ಕೆ ಇಲ್ಲ ಅನ್ನುವುದು ಬರಹದಲ್ಲಿ ಇರಬೇಕು. ಯಾರಿಗೆ ವಿನಾಯಿತಿ ಇದೆ ನೋಡಿ. ಸಣ್ಣ ದೋಣಿಗೆ ತಡೆ ಹಾಕಿ ಬಂದರಿಗೋ, ಎಣ್ಣೆ ಬಾವಿಗೋ, ರೆಸಾರ್ಟಿಗೋ ದಾರಿ ಬಿಟ್ಟಿದ್ದರೆ ಅಲ್ಲೇ ನಿಲ್ಲಿಸಿ ಪ್ರಶ್ನೆ ಮಾಡಿ. ಕಾವಲಿಗೆ ದೋಣಿ ಎಷ್ಟು, ಡೀಸೆಲ್‌ಗೆ ದುಡ್ಡು ಯಾವ ಲೆಕ್ಕದಿಂದ, ಎಷ್ಟು ವರ್ಷಕ್ಕೆ? ಮೀನು ವಾಪಸ್ ಬರುವವರೆಗಿನ ವರ್ಷಗಳಲ್ಲಿ ಕೂಲಿ ಕಳೆದುಕೊಳ್ಳುವವರ ಪಟ್ಟಿ ಮಾಡಿದ್ದಾರಾ? ಅದರಲ್ಲಿ ಮೀನು ಮಾರುವ, ಚಿಪ್ಪು ಹೆಕ್ಕುವ ಹೆಂಗಸರ ಹೆಸರು ಇದೆಯಾ? ಹೊಳೆಯ ಮೇಲ್ಭಾಗದಿಂದ ಬರುವ ಕೊಳಕಿನ ಬಗ್ಗೆ ಯೋಜನೆಯಲ್ಲಿ ಒಂದು ಸಾಲಾದರೂ ಇದೆಯಾ?

ಐದು ವರ್ಷದ ನಂತರ ಎಣಿಕೆ ಯಾರು ಮಾಡುತ್ತಾರೆ, ಆ ಲೆಕ್ಕ ಎಲ್ಲರಿಗೂ ಸಿಗುತ್ತದಾ ಅಂತಲೂ ಕೇಳಿ. ಕೊನೆಗೆ, ಇದನ್ನು ನಡೆಸುವ ಸಮಿತಿಯಲ್ಲಿ ದಡದವರಿಗೆ ಎಷ್ಟು ಕುರ್ಚಿ ಮತ್ತು ಅವರ ಮಾತಿಗೆ ಮತದ ಹಕ್ಕು ಇದೆಯಾ, ಸುಮ್ನೆ ಸಲಹೆ ಮಾತ್ರವಾ ಅನ್ನುವುದನ್ನು ಕೇಳಿ. ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿ ತೆಗೆದುಕೊಂಡೇ ಹೊರಡಿ.